ಒಂದು ಬ್ಯಾನರ್, ಒಂದು ಫಾರಂ, ಎರಡು ಸೆಪ್ಟೆಂಬರ್: ಹಿಂದಿ ಪಖವಾಡದ ಒಂದು ಪ್ರಕರಣ

ಇದು ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿರುವ ಕೇಂದ್ರ ಸರ್ಕಾರಿ ಕಚೇರಿಯ ಕತೆ. ಊರು, ಇಲಾಖೆ, ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಅಲ್ಲಿ ಅನುವಾದಕನಾಗಿದ್ದೆ. ಹಿಂದಿ ವಿಭಾಗ ಅಂದರೆ ನಾನೊಬ್ಬನೇ, ಜೊತೆಗೆ ಒಂದು ಕಂಪ್ಯೂಟರ್, ಒಂದು ಬೀರು ತುಂಬಾ ಪದಕೋಶ. ಕನ್ನಡದವನಾಗಿ ಹಿಂದಿಯ ಸಂಬಳ ತಿನ್ನುವವನನ್ನು ಎರಡೂ ಕಡೆಯವರು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಅದು ಅಭ್ಯಾಸವಾಗಿತ್ತು.

ಹಿನ್ನೆಲೆ

ಕಚೇರಿಯಲ್ಲಿ ನಲವತ್ತಾರು ಜನ. ಮೂವತ್ತಕ್ಕೂ ಜಾಸ್ತಿ ಕನ್ನಡಿಗರು. ಹತ್ತು ಮಂದಿ ಉತ್ತರದ ರಾಜ್ಯಗಳವರು, ಹೆಚ್ಚಿನವರು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು. ಉಳಿದವರು ತೆಲುಗು, ಮಲಯಾಳ ಮನೆಮಾತಿನವರು. ಮುಖ್ಯಾಧಿಕಾರಿಯವರದು ಒಡಿಯಾ. ಕೆಳಗಿನ ಮಹಡಿಯಲ್ಲಿ ಜನ ಬರುವ ನಾಲ್ಕು ಕೌಂಟರ್. ಅಲ್ಲಿಗೆ ಬರುವವರು ಸುತ್ತಲಿನ ಹಳ್ಳಿಯವರು, ಆಡುವುದು ಕನ್ನಡ, ಕೆಲವರು ಉರ್ದು, ಕೆಲವರು ಲಂಬಾಣಿ.

ಸೆಪ್ಟೆಂಬರ್ ಬಂತೆಂದರೆ ನಮ್ಮಲ್ಲಿ ಹಿಂದಿ ಪಖವಾಡ. ಹದಿನೈದು ದಿನ ಪ್ರಬಂಧ, ಭಾಷಣ, ಟಿಪ್ಪಣಿ ಬರೆಯುವ ಸ್ಪರ್ಧೆ, ಶ್ರುತಲೇಖನ. 14ರಂದು, ಅಂದರೆ ಹಿಂದಿ ದಿವಸದಂದು, ಎಲ್ಲರೂ ಎದ್ದು ನಿಂತು ರಾಜಭಾಷಾ (ಆಡಳಿತ ಭಾಷೆಯ) ಪ್ರತಿಜ್ಞೆ ಓದಬೇಕು. ಕೊನೆಗೆ ಬಹುಮಾನ, ಸಮೋಸ, ಗ್ರೂಪ್ ಫೋಟೋ. ಫೋಟೋ ಮೇಲಿನ ಕಚೇರಿಗೆ ಹೋಗುತ್ತದೆ. ನಾನು ಸೇರಿದ ವರ್ಷ ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಐದು ವರ್ಷದ ಫೋಟೋಗಳಲ್ಲಿ ಬಹುಮಾನ ಹಿಡಿದ ಮುಖಗಳು ಅವೇ ನಾಲ್ಕು.

ಸಮಸ್ಯೆ ಕಂಡದ್ದು

ಮೊದಲು ಅದು ನನಗೆ ಹಾಜರಾತಿಯ ಸಮಸ್ಯೆಯಾಗಿ ಕಂಡಿತು. ಪ್ರಬಂಧ ಸ್ಪರ್ಧೆಗೆ ಬಂದವರು ಒಂಬತ್ತು ಜನ. ಅದರಲ್ಲಿ ಏಳು ಮಂದಿ ಹಿಂದಿ ರಾಜ್ಯದವರು. ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬಹುಮಾನದ ಹಣ ಜಾಸ್ತಿ ಮಾಡಿಸಿದೆ. ವಿಭಾಗಕ್ಕೆ ಇಬ್ಬರು ಕಡ್ಡಾಯ ಅಂತ ಸುತ್ತೋಲೆ ಹೊರಡಿಸಿದೆ. ಮರುದಿನ ಇಪ್ಪತ್ತು ಜನ ಬಂದರು. ಹೆಸರು ಬರೆದರು, ಖಾಲಿ ಹಾಳೆ ಕೊಟ್ಟು ಹೋದರು. ಒಬ್ಬರು ಮಾತ್ರ ಒಂದು ಸಾಲು ಬರೆದಿದ್ದರು, ಅದೂ ಕನ್ನಡದಲ್ಲಿ: 'ಹಣ ಹಂಚಿಕೊಳ್ಳಿ, ನಮ್ಮನ್ನು ಬಿಡಿ.' ಅಕ್ಷರ ನೋಡಿದರೆ ಯಾರದ್ದೆಂದು ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ.

ನಿಜವಾದ ಸಮಸ್ಯೆ ಗೇಟಿನ ಮೇಲೆ ನೇತಾಡುತ್ತಿತ್ತು. ಆ ವರ್ಷದ ಬ್ಯಾನರ್ ಪೂರ್ತಿ ಹಿಂದಿಯಲ್ಲಿತ್ತು. ದೊಡ್ಡ ಅಕ್ಷರದಲ್ಲಿ 'ಹಿಂದಿ ಹಮಾರಿ ರಾಷ್ಟ್ರಭಾಷಾ' ಎಂದು ದೇವನಾಗರಿಯಲ್ಲಿ ಬರೆಸಿದ್ದರು. ಬರೆಸಿದ್ದು ನಾನಲ್ಲ, ಆದರೆ ನೋಡಿ ಸುಮ್ಮನಿದ್ದವನು ನಾನೇ. 14ರ ಬೆಳಗ್ಗೆ ಹತ್ತೂವರೆಗೆ ಊರಿನ ಒಂದು ಕನ್ನಡ ಸಂಘಟನೆಯ ಹದಿನೈದು ಜನ ಬಂದರು. ಗಲಾಟೆ ಏನೂ ಆಗಲಿಲ್ಲ. ಮನವಿ ಪತ್ರ ಕೊಟ್ಟರು, ಎರಡು ಪ್ರಶ್ನೆ ಕೇಳಿದರು. ಹಿಂದಿ ರಾಷ್ಟ್ರಭಾಷೆ ಅಂತ ಯಾವ ಕಾನೂನಿನಲ್ಲಿದೆ? ನಿಮ್ಮ ಕೌಂಟರಿನ ಫಾರಂ ಕನ್ನಡದಲ್ಲಿ ಯಾಕಿಲ್ಲ?

ಮುಖ್ಯಾಧಿಕಾರಿ ಉತ್ತರ ಕೊಡಲಿಲ್ಲ. 'ಒಂದು ವಾರ ಕೊಡಿ, ಓದಿ ಹೇಳುತ್ತೇನೆ' ಅಂದರು. ಪೊಲೀಸರನ್ನು ಕರೆಯೋಣ ಎಂದವರಿಗೆ ಬೇಡ ಅಂದರು. ಈ ಪ್ರಕರಣದ ಮೊದಲ ತಿರುವು ಇದು. ಅವರು ಅವತ್ತು ಫೋನ್ ಎತ್ತಿದ್ದರೆ ಇದು ಪತ್ರಿಕೆಯ ಎರಡು ಕಾಲಂ ಸುದ್ದಿಯಾಗಿ ಮುಗಿಯುತ್ತಿತ್ತು, ನನಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಕಾನೂನು ಓದಿದ ವಾರ

ಹಿಂದಿ ವಿಭಾಗದಲ್ಲಿದ್ದೂ ನಾನು ಈ ಕಾನೂನುಗಳನ್ನು ಪೂರ್ತಿ ಓದಿದ್ದು ಆ ವಾರವೇ. ಒಪ್ಪಿಕೊಳ್ಳಲು ಮುಜುಗರ, ಆದರೆ ನಿಜ.

ಮೊದಲ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಸಂವಿಧಾನದ 343ನೇ ವಿಧಿ ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆ ಎನ್ನುತ್ತದೆ. ರಾಷ್ಟ್ರಭಾಷೆ ಎಂಬ ಮಾತು ಎಲ್ಲೂ ಇಲ್ಲ. ಹಿಂದಿಯನ್ನು ರಾಷ್ಟ್ರಭಾಷೆ ಎಂದು ಘೋಷಿಸಿದ ಯಾವ ದಾಖಲೆಯೂ ಇಲ್ಲ ಅಂತ 2010ರಲ್ಲಿ ಗುಜರಾತ್ ಹೈಕೋರ್ಟ್ ಕೂಡ ಹೇಳಿತ್ತು. ಅಂದರೆ ನಮ್ಮ ಬ್ಯಾನರ್ ಹಿಂದಿಗೆ ಇಲ್ಲದ ಪಟ್ಟ ಕಟ್ಟಿತ್ತು. ಸರ್ಕಾರಿ ಕಚೇರಿಯ ಗೇಟಿನ ಮೇಲೆ ಕಾನೂನಿನ ತಪ್ಪು!

ಹಬ್ಬದ ತಾರೀಕು ಯಾಕೆ 14 ಅಂತಲೂ ಮುಖ್ಯಾಧಿಕಾರಿ ಸಾಹೇಬರು ಕೇಳಿದರು. ಅವರಿಗೂ ಗೊತ್ತಿರಲಿಲ್ಲ. 1949ರಲ್ಲಿ ಸಂವಿಧಾನ ಸಭೆ ಸೆಪ್ಟೆಂಬರ್ 12ರಿಂದ ಮೂರು ದಿನ ಭಾಷೆಯ ಮೇಲೆ ಚರ್ಚೆ ಮಾಡಿ, 14ರಂದು ತೀರ್ಮಾನಕ್ಕೆ ಬಂತು. ಒಪ್ಪಿದ್ದು ಸಭೆಯ ಸದಸ್ಯರಾದ ಕೆ.ಎಂ. ಮುನ್ಷಿ ಮತ್ತು ಗೋಪಾಲಸ್ವಾಮಿ ಅಯ್ಯಂಗಾರ್ ಮುಂದಿಟ್ಟ ರಾಜಿ ಸೂತ್ರವನ್ನು. ಅಂಕಿಗಳು ನಾಗರಿಯಲ್ಲಿರಬೇಕೋ 1, 2, 3 ಅಂತಿರಬೇಕೋ ಎನ್ನುವುದಕ್ಕೂ ಜಗಳವಾಗಿತ್ತು. ಇಂಗ್ಲಿಷ್ ಹದಿನೈದು ವರ್ಷ ಇರಲಿ ಎಂದಾಯಿತು. ಆಮೇಲೆ 1963ರ ಆಡಳಿತ ಭಾಷಾ ಕಾಯ್ದೆ ಮತ್ತು 1967ರ ತಿದ್ದುಪಡಿ ಬಂದು ಇಂಗ್ಲಿಷ್ ಮುಂದುವರಿಯಿತು. ಅಂದರೆ ನಾವು ಪ್ರತಿವರ್ಷ ಸಮೋಸ ತಿಂದು ಆಚರಿಸುವುದು ಒಂದು ರಾಜಿಯ ದಿನವನ್ನು. ಇದನ್ನು ಹೇಳಿದಾಗ ಸಾಹೇಬರು ನಕ್ಕು, 'ಪ್ರತಿಜ್ಞೆಯಲ್ಲಿ ಆ ವಾಸನೆಯೇ ಇಲ್ಲವಲ್ಲ' ಅಂದರು.

ಎರಡನೇ ಪ್ರಶ್ನೆ ಕಷ್ಟದ್ದು. 1976ರ ಆಡಳಿತ ಭಾಷಾ ನಿಯಮಗಳು ದೇಶವನ್ನು 'ಕ', 'ಖ', 'ಗ' ಅಂತ ಮೂರು ಕ್ಷೇತ್ರ ಮಾಡಿವೆ. ಕರ್ನಾಟಕ 'ಗ', ಹಿಂದಿ ಬಳಕೆ ಕಡಿಮೆ ಇರುವ ಗುಂಪು. ತಮಿಳುನಾಡಿಗೆ ಈ ನಿಯಮಗಳೇ ಅನ್ವಯಿಸುವುದಿಲ್ಲ, ಅದು 1965ರ ಚಳವಳಿಯ ನಂತರದ ಮಾತು. ನಮಗೆ ಅನ್ವಯಿಸುತ್ತವೆ. ಕಾಯ್ದೆಯ 3(3) ಕಲಂ ಪ್ರಕಾರ ಸಾಮಾನ್ಯ ಆದೇಶ, ಅಧಿಸೂಚನೆ, ಟೆಂಡರ್, ಒಪ್ಪಂದ, ಪರವಾನಗಿ ಇಂಥವೆಲ್ಲ ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ಹೊರಡಬೇಕು. ಹಿಂದಿಯಲ್ಲಿ ಬಂದ ಪತ್ರಕ್ಕೆ ಹಿಂದಿಯಲ್ಲೇ ಉತ್ತರ ಕೊಡಬೇಕು, ಅದು ಐದನೇ ನಿಯಮ. ಕನ್ನಡದಲ್ಲಿ ಬಂದ ಪತ್ರಕ್ಕೆ? ಸಂವಿಧಾನದ 350ನೇ ವಿಧಿ ಪ್ರಕಾರ ಯಾರು ಬೇಕಾದರೂ ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಭಾಷೆಯಲ್ಲಿ ಕೊಡಬಹುದು. ಉತ್ತರ ಯಾವ ಭಾಷೆಯಲ್ಲಿ ಎಂದು ಅದು ಹೇಳುವುದಿಲ್ಲ.

ನಮ್ಮ ಆವಕ ರಿಜಿಸ್ಟರ್ ತೆಗೆದು ಒಂದು ತಿಂಗಳ ಪತ್ರ ಎಣಿಸಿದೆವು. ಜನರಿಂದ ಬಂದವುಗಳಲ್ಲಿ ಹಿಂದಿಯವು ಎರಡು. ಕನ್ನಡದವು ಇನ್ನೂರಕ್ಕೂ ಜಾಸ್ತಿ. ಆ ಎರಡಕ್ಕೆ ನಿಯಮ ಇದೆ, ವರದಿ ಇದೆ, ವರದಿ ನೋಡಲು ಸಮಿತಿಗಳಿವೆ, ನನ್ನ ಹುದ್ದೆಯೂ ಇದೆ. ಆ ಇನ್ನೂರಕ್ಕೆ ಕೌಂಟರಿನಲ್ಲಿ ಕೂತ ಗುಮಾಸ್ತರ ಒಳ್ಳೆಯತನ ಒಂದೇ ಇರುವುದು. ಈ ಅಂಕಿ ನೋಡಿದ ಮೇಲೆ ಖಾಲಿ ಹಾಳೆ ಕೊಟ್ಟವರ ಮೇಲಿನ ನನ್ನ ಸಿಟ್ಟು ಇಳಿಯಿತು.

ಆದರೆ ಕಡತದಲ್ಲಿ ಇನ್ನೊಂದು ಸಿಕ್ಕಿತು. ಹಿಂದಿಯೇತರ ರಾಜ್ಯಗಳಲ್ಲಿ ಕೇಂದ್ರ ಕಚೇರಿಗಳ ಬೋರ್ಡು ಮೊದಲು ಸ್ಥಳೀಯ ಭಾಷೆ, ಆಮೇಲೆ ಹಿಂದಿ, ಆಮೇಲೆ ಇಂಗ್ಲಿಷ್, ಅಕ್ಷರಗಳ ಗಾತ್ರ ಒಂದೇ, ಹೀಗೆ ಇರಬೇಕು ಅಂತ ಸೂಚನೆ ಹಳೆಯದು. ನಮ್ಮ ಕಟ್ಟಡದಲ್ಲಿ ಅದು ಮುಖ್ಯ ಬೋರ್ಡಿಗೆ ಮಾತ್ರ ಪಾಲನೆಯಾಗಿತ್ತು. ಒಳಗಿನ ಬೋರ್ಡುಗಳಲ್ಲಿ ಕನ್ನಡವೇ ಇರಲಿಲ್ಲ. ಜನ ತುಂಬುವ ಫಾರಂ ಕನ್ನಡದಲ್ಲೂ ಇಡಬಾರದು ಅಂತ ಎಲ್ಲೂ ಇರಲಿಲ್ಲ. ಯಾರೂ ಮಾಡಿರಲಿಲ್ಲ, ಅಷ್ಟೇ.

ಮೊದಲ ಪರಿಹಾರ, ಅದರ ಫಜೀತಿ

ವಾರದ ನಂತರ ಸಂಘಟನೆಯವರನ್ನು ಕರೆದು ಸಾಹೇಬರು ನೇರವಾಗಿ ಹೇಳಿದರು: ಬ್ಯಾನರ್ ತಪ್ಪು, ತೆಗೆಸಿದ್ದೇವೆ. ಬೋರ್ಡು ಮೂರು ತಿಂಗಳಲ್ಲಿ ಸರಿ ಮಾಡುತ್ತೇವೆ. ಫಾರಂ ಕೂಡ. ಹಿಂದಿ ಪಖವಾಡ ನಿಲ್ಲಿಸುವುದು ನನ್ನ ಕೈಯಲ್ಲಿಲ್ಲ. ಅವರಿಗೆ ಕೊನೆಯ ಮಾತು ಹಿಡಿಸಲಿಲ್ಲ. ಆದರೂ ಟೀ ಕುಡಿದು ಹೋದರು.

ಕಚೇರಿಯೊಳಗೆ ನಾವು ಮಾಡಿದ ಮೊದಲ ಕೆಲಸ ತೇಪೆ ಹಾಕಿದ್ದು. ಸಮಾರೋಪದಲ್ಲಿ ಒಂದು ಕನ್ನಡ ಭಾವಗೀತೆ ಹಾಡಿಸಿದೆವು. ಕೌಂಟರಿನ ಹಿರಿಯ ಗುಮಾಸ್ತರೊಬ್ಬರು ಕೆಳಗೆ ಸಿಕ್ಕಿ, 'ಉಪ್ಪಿನಕಾಯಿ ಬಡಿಸಿದ್ರಿ, ಊಟ ಎಲ್ಲಿ?' ಅಂತ ಕೇಳಿದರು. ನಾನು ಮುಖ ಕೆಳಗೆ ಹಾಕಿದೆ.

ಆಮೇಲೆ ಕನ್ನಡ ಫಾರಂ. ಕೆಲಸ ಬೇಗ ಆಗಲಿ ಅಂತ ಹಿಂದಿ ಫಾರಂ ಎದುರಿಗಿಟ್ಟುಕೊಂಡು, ಮಷೀನ್ ಅನುವಾದ ಮಾಡಿಸಿ, ಮೇಲೆ ಮೇಲೆ ಕಣ್ಣಾಡಿಸಿ ಐನೂರು ಪ್ರತಿ ಹಾಕಿಸಿದೆ. ಮಾಡಿದ್ದು ನಾನೇ. ಎರಡನೇ ದಿನ ಕೌಂಟರಿನಲ್ಲಿ ಒಬ್ಬ ರೈತರು ಫಾರಂ ಎತ್ತಿ ಹಿಡಿದು ಗಟ್ಟಿಯಾಗಿ ಕೇಳಿದರು: 'ನನ್ನ ಆದಾಯದ ಮೇಲೆ ನಿಮಗೇನು ಅನುಮಾನ?'

ಫಾರಂನಲ್ಲಿ 'ಅನುಮಾನಿತ ವಾರ್ಷಿಕ ಆದಾಯ' ಅಂತ ಅಚ್ಚಾಗಿತ್ತು. ಹಿಂದಿಯಲ್ಲಿ 'ಅನುಮಾನ್' ಅಂದರೆ ಅಂದಾಜು. ಕನ್ನಡದಲ್ಲಿ ಏನೆಂದು ಹೇಳಬೇಕಾಗಿಲ್ಲ. ಸಾಲಿನಲ್ಲಿದ್ದವರೆಲ್ಲ ನಕ್ಕರು, ಆ ರೈತರೂ ನಕ್ಕರು, ನಾನು ಮಾತ್ರ ನಗಲಿಲ್ಲ. ಐನೂರು ಪ್ರತಿಯಲ್ಲಿ ಪೆನ್ನಿನಿಂದ ಹೊಡೆದು 'ಅಂದಾಜು' ಅಂತ ಬರೆಯಲು ಎರಡು ಸಂಜೆ ಬೇಕಾಯಿತು.

ಆ ಎರಡು ಸಂಜೆ ನನ್ನ ಜೊತೆ ಕೂತವನು ಬಿಹಾರದ ಒಬ್ಬ ಯುವ ನೌಕರ. ಪ್ರಬಂಧ ಸ್ಪರ್ಧೆಯಲ್ಲಿ ಸತತ ಮೊದಲ ಬಹುಮಾನ ಪಡೆದವನು. ಬರೆಯುತ್ತಾ ಬರೆಯುತ್ತಾ ಹೇಳಿದ: 'ಸರ್, ಎಲ್ಲರೂ ನನಗೆ ಹಿಂದಿಯವನು ಅಂತಾರೆ. ನಮ್ಮ ಮನೆಯಲ್ಲಿ ಮೈಥಿಲಿ. ಹಿಂದಿ ನಾನು ಶಾಲೆಯಲ್ಲಿ ಕಲಿತದ್ದು.' ಮೈಥಿಲಿ ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಅನುಸೂಚಿಗೆ ಸೇರಿದ್ದೇ 2003ರ ತಿದ್ದುಪಡಿಯಿಂದ. ಅದಕ್ಕೂ ಮೊದಲು ಅದನ್ನು ಹಿಂದಿಯ ಲೆಕ್ಕಕ್ಕೇ ಸೇರಿಸುತ್ತಿದ್ದರು. ಅವನ ಅಜ್ಜಿ ರೇಡಿಯೋ ಹಿಂದಿ ಅರ್ಥವಾಗದೆ ಬೈಯುತ್ತಿದ್ದರಂತೆ. 'ನಿಮ್ಮ ಈ ರೈತರ ಹಾಗೇ' ಅಂದ.

ಎರಡನೇ ತಿರುವು ಇದು, ನನ್ನ ಮಟ್ಟಿಗೆ ದೊಡ್ಡದು. ನಮ್ಮ ಕಚೇರಿಯಲ್ಲಿ ಹಿಂದಿಯವರು ಮತ್ತು ಕನ್ನಡದವರು ಅಂತ ಎರಡು ಗುಂಪು ಇದೆ ಎಂದು ನಾನು ನಂಬಿದ್ದೆ. ಮರುದಿನ ಸುಮ್ನೆ ಎಲ್ಲರ ಮನೆಮಾತು ಕೇಳುತ್ತಾ ಹೋದೆ. ಆ ಹತ್ತು ಮಂದಿಯಲ್ಲಿ ಒಬ್ಬರದು ಭೋಜಪುರಿ, ಒಬ್ಬರದು ಮಾರ್ವಾಡಿ, ಇಬ್ಬರದು ಮೈಥಿಲಿ. ಕಚೇರಿ ಹಿಂದಿ, ಅಂದರೆ ಆವೇದನ, ಅನುಮೋದನ, ಅಗ್ರೇಷಿತ ಅಂತೆಲ್ಲ ಬರುವ ಹಿಂದಿ, ಯಾರ ಮನೆಯಲ್ಲೂ ಇರಲಿಲ್ಲ. ನಮ್ಮ ತಹಶೀಲ್ದಾರ್ ಕಚೇರಿಯ ಅರ್ಜಿ, ಖಾತೆ, ರಸೀದಿ, ಜಾಮೀನು ಅವರಿಗೆ ಹೆಚ್ಚು ಸಲೀಸಾಗಿ ಅರ್ಥವಾಗುತ್ತಿತ್ತು!

ಮರುವರ್ಷದ ಪಖವಾಡ

ಮುಂದಿನ ಸೆಪ್ಟೆಂಬರಿಗೆ ನಾವು ಎರಡು ವಿಷಯವನ್ನು ಬೇರೆ ಬೇರೆ ಇಟ್ಟೆವು. ಕಾನೂನಿನ ಕೆಲಸ ಒಂದು, ಹಬ್ಬ ಇನ್ನೊಂದು. ಕಾನೂನಿನ ಕೆಲಸಕ್ಕೆ, ಅಂದರೆ ದ್ವಿಭಾಷಾ ಆದೇಶ, ಹಿಂದಿ ಪತ್ರಕ್ಕೆ ಹಿಂದಿ ಉತ್ತರ, ತ್ರೈಮಾಸಿಕ ವರದಿ, ಇವಕ್ಕೆಲ್ಲ ನಾನು ಜವಾಬ್ದಾರ. ಅದರಲ್ಲಿ ರಿಯಾಯಿತಿ ಇಲ್ಲ. ಹಬ್ಬಕ್ಕೆ ಮಾತ್ರ ಕಡ್ಡಾಯ ತೆಗೆದೆವು. ಬ್ಯಾನರ್ ಮೂರು ಭಾಷೆಯಲ್ಲಿ, ಕನ್ನಡ ಮೇಲೆ, ಅಕ್ಷರ ಒಂದೇ ಗಾತ್ರ. 'ರಾಷ್ಟ್ರಭಾಷೆ' ಹೋಯಿತು, 'ಆಡಳಿತ ಭಾಷೆ' ಬಂತು.

ಪ್ರಬಂಧ ಒಂದನ್ನು ಉಳಿಸಿಕೊಂಡು ಉಳಿದ ಸ್ಪರ್ಧೆ ಬಿಟ್ಟೆವು. ಅದರ ಜಾಗಕ್ಕೆ ಆ ರೈತರ ಪ್ರಶ್ನೆಯಿಂದ ಹುಟ್ಟಿದ ಆಟ: ಎರಡೂ ಭಾಷೆಯಲ್ಲಿ ಒಂದೇ ಥರ ಕಾಣುವ, ಅರ್ಥ ಬೇರೆಯಾದ ಪದಗಳು. ಹಿಂದಿಯಲ್ಲಿ 'ಶಿಕ್ಷಾ' ಅಂದರೆ ಶಿಕ್ಷಣ, ನಮ್ಮ ಶಿಕ್ಷೆ ಯಾರಿಗೂ ಬೇಡ. ಅಲ್ಲಿ 'ಅವಕಾಶ' ಅಂದರೆ ರಜೆ, ಇಲ್ಲಿ ಸಂದರ್ಭ. ಅಲ್ಲಿ 'ಉಪನ್ಯಾಸ' ಕಾದಂಬರಿ, ಇಲ್ಲಿ ಭಾಷಣ. ಅಲ್ಲಿ 'ಸಂಸಾರ' ಇಡೀ ಜಗತ್ತು, ಇಲ್ಲಿ ಹೆಂಡತಿ ಮಕ್ಕಳು, ಸಾಲ. 'ರಾಜೀನಾಮಾ' ಅಲ್ಲಿ ರಾಜಿಯ ಪತ್ರ, ಇಲ್ಲಿ ಕೆಲಸ ಬಿಡುವ ಪತ್ರ. ಇಂಥ ನಲವತ್ತು ಪದ ಸೇರಿಸಿದ್ದೆ.

ಮೊದಲ ದಿನ ಇದು ಕೈಕೊಟ್ಟಿತು. ಉತ್ತರದ ಹುಡುಗಿಯೊಬ್ಬಳು 'ಉಪನ್ಯಾಸ' ಅಂದರೆ ಕಾದಂಬರಿ ಎಂದು ವಾದಿಸಿದಾಗ ಹಿಂದಿನ ಸಾಲಿನವರು ಹೋ ಎಂದು ಕೂಗಿದರು. ವರ್ಷಗಟ್ಟಲೆ ಒಂದು ಕಡೆಯವರು ಸೋತಿದ್ದರು, ಈಗ ಇನ್ನೊಂದು ಕಡೆಯವರನ್ನು ಸೋಲಿಸುವ ಖುಷಿ. ಅವಳು ಎದ್ದು ಹೋದಳು. ನಾನು ಮಾಡಿದ್ದು ತಪ್ಪಾಗಿತ್ತು, ಗುಂಪು ಮಾಡುವಾಗ ಅವರವರ ಇಷ್ಟಕ್ಕೆ ಬಿಟ್ಟಿದ್ದೆ. ಎರಡನೇ ದಿನದಿಂದ ಜೋಡಿ ಕಡ್ಡಾಯ ಮಾಡಿದೆ: ಒಬ್ಬರು ಕನ್ನಡ ಮನೆಮಾತಿನವರು, ಇನ್ನೊಬ್ಬರು ಬೇರೆಯವರು. ಪದದ ಜೊತೆ ಕೌಂಟರಿಗೆ ನಿಜವಾಗಿ ಬಂದ ಒಂದು ಕನ್ನಡ ಪತ್ರವನ್ನೂ ಹೆಸರು ಅಳಿಸಿ ಕೊಟ್ಟೆ. ಅದರ ಸಾರವನ್ನು ಹಿಂದಿಯಲ್ಲಿ ಟಿಪ್ಪಣಿ ಮಾಡಬೇಕು, ಉತ್ತರವನ್ನು ಕನ್ನಡದಲ್ಲಿ ಬರೆಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಎದ್ದು ಹೋದವಳು ಆ ದಿನ ವಾಪಸ್ ಬಂದಳು, ಜೋಡಿಯಾಗಿ ಸಿಕ್ಕವರು ಆ ಉಪ್ಪಿನಕಾಯಿ ಮಾತಿನ ಗುಮಾಸ್ತರು.

ಏನಾಯಿತು

ಕಡ್ಡಾಯವಿಲ್ಲದೆ ಮೂವತ್ತೊಂದು ಜನ ಬಂದರು. ಕೆಲವರು ಕೊನೆಯವರೆಗೂ ಕಾಲಿಡಲಿಲ್ಲ. ಅವರಲ್ಲಿ ಮೂವರು ತತ್ವವಾಗಿಯೇ ಬರುವುದಿಲ್ಲ ಎಂದರು, ಅದು ಸರಿ. ಖಾಲಿ ಹಾಳೆ ಬರಲಿಲ್ಲ. ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಹಿಂದಿ ಪರೀಕ್ಷೆಗಳಿಗೆ ಕಟ್ಟುವವರು ಸ್ವಲ್ಪ ಹೆಚ್ಚಿದರು. ಅರ್ಹರಾದವರಿಗೆ ಒಂದು ವರ್ಷ ಒಂದು ಇನ್‌ಕ್ರಿಮೆಂಟಿನಷ್ಟು ವೈಯಕ್ತಿಕ ವೇತನ ಸಿಗುತ್ತದೆ. ಹಾಗಾಗಿ ಇದನ್ನು ನಮ್ಮ ಪಖವಾಡದ ಸಾಧನೆ ಎನ್ನುವುದು ಸುಳ್ಳಾಗುತ್ತದೆ.

ಸಂಘಟನೆಯವರು ಆ 14ಕ್ಕೂ ಬಂದರು. ಬ್ಯಾನರ್ ಓದಿದರು, ಫಾರಂ ನೋಡಿದರು, ಮನವಿ ಪತ್ರವನ್ನಂತೂ ಕೊಟ್ಟರು. ಈ ಸಲದ ಬೇಡಿಕೆ, ಕನ್ನಡಕ್ಕೂ ಇಂಥದ್ದೇ ಪಖವಾಡ, ಇಂಥದ್ದೇ ಹಣ. ನಮ್ಮ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ನವೆಂಬರ್ 1ಕ್ಕೆ ನಾವು ಕೈಯಿಂದ ಹಣ ಹಾಕಿ ರಾಜ್ಯೋತ್ಸವ ಮಾಡುತ್ತೇವೆ, ಸೆಪ್ಟೆಂಬರ್ 14ಕ್ಕೆ ಸರ್ಕಾರದ ಹಣ ಬರುತ್ತದೆ. ಈ ವ್ಯತ್ಯಾಸವನ್ನು ಒಂದು ಕಚೇರಿಯ ಒಳ್ಳೆಯ ಮನಸ್ಸು ಸರಿ ಮಾಡಲಾರದು.

ಊರಿನ ಕೇಂದ್ರ ಕಚೇರಿಗಳ ಹಿಂದಿ ಕೆಲಸ ನೋಡುವ ನಗರ ರಾಜಭಾಷಾ ಸಮಿತಿಯ ಸಭೆಯಲ್ಲಿ ನಾನು ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಅಧ್ಯಕ್ಷರು ಕೇಳಿಸಿಕೊಂಡು, 'ಪತ್ರವ್ಯವಹಾರ ಎಷ್ಟು ಪರ್ಸೆಂಟ್?' ಅಂದರು. 'ಗ' ಕ್ಷೇತ್ರದಲ್ಲಿ ಹಿಂದಿ ಪತ್ರವ್ಯವಹಾರದ ಗುರಿ ಶೇ. 55. ನಮ್ಮದು ಅದಕ್ಕಿಂತ ಕಡಿಮೆ ಇತ್ತು. ಹಿಂದಿನ ವರ್ಷಗಳಲ್ಲಿ ನಾವು ಗುರಿ ಮುಟ್ಟುತ್ತಿದ್ದುದು ಹೇಗೆ ಎಂದು ಈ ಕೆಲಸದಲ್ಲಿರುವವರಿಗೆ ಗೊತ್ತು: ಮೇಲಿನ ಕವರಿಂಗ್ ಲೆಟರ್ ಹಿಂದಿಯಲ್ಲಿ, ಒಳಗಿನ ವಿಷಯ ಇಂಗ್ಲಿಷ್‌ನಲ್ಲಿ. ಆ ವರ್ಷ ಅದನ್ನು ನಾವು ಎಣಿಸಿರಲಿಲ್ಲ. ಕನ್ನಡದಲ್ಲಿ ಕೊಟ್ಟ ಇನ್ನೂರು ಉತ್ತರಗಳಿಗೆ ವರದಿಯಲ್ಲಿ ಕಾಲಂ ಇಲ್ಲ.

ಇದರಿಂದ ತಿಳಿದದ್ದು

ಇಂಥದ್ದೇ ಕುರ್ಚಿಯಲ್ಲಿ ಕೂತವರಿಗೆ ನಾನು ಹೇಳುವುದು ಸ್ವಲ್ಪವೇ. ಗಲಾಟೆ ಬರುವ ಮೊದಲೇ ನಿಯಮ ಓದಿ. ನಮ್ಮಲ್ಲಿ ಅರ್ಧ ಸಿಟ್ಟು ಹುಟ್ಟಿದ್ದು ಕಾನೂನಿನಿಂದಲ್ಲ, ಕಾನೂನು ಕೇಳದೇ ಇದ್ದುದನ್ನು ನಾವು ಅತಿ ಉತ್ಸಾಹದಿಂದ ಮಾಡಿದ್ದರಿಂದ, ಅದು ಕೇಳಿದ್ದನ್ನು, ಅಂದರೆ ಬೋರ್ಡಿನಲ್ಲಿ ಸ್ಥಳೀಯ ಭಾಷೆ ಮೊದಲು ಎನ್ನುವುದನ್ನು, ಮಾಡದೇ ಬಿಟ್ಟಿದ್ದರಿಂದ. ಇನ್ನರ್ಧ ಕಾನೂನಿನಲ್ಲೇ ಇದೆ. ಅದನ್ನು ಸಮಾರೋಪದ ಭಾವಗೀತೆಯಿಂದ ಮುಚ್ಚಲು ಹೋಗಬೇಡಿ, ಜನ ದಡ್ಡರಲ್ಲ. ಪ್ರತಿಜ್ಞೆ ಓದಿಸಿ ಪ್ರೀತಿ ಹುಟ್ಟಿಸಲು ಆಗಲ್ಲ. ಜೋಡಿಯಾಗಿ ಕೂರಿಸಿದರೆ ಕೆಲಸವಂತೂ ಆಗುತ್ತದೆ. ಕನ್ನಡ ಫಾರಂ ಮಾಡುವಾಗ ಹಿಂದಿಯಿಂದ ಇಳಿಸಬೇಡಿ. ಕೌಂಟರಿನಲ್ಲಿ ಕೂತವರನ್ನು ಕೇಳಿ, ಅವರು ದಿನವೂ ಬಾಯಲ್ಲಿ ಅನುವಾದ ಮಾಡುತ್ತಿರುತ್ತಾರೆ.

ಮೂರನೇ ವರ್ಷ ಸಾಹೇಬರಿಗೆ ವರ್ಗವಾಯಿತು. ಹೊಸಬರು ಹಳೆಯ ಪದ್ಧತಿ ತಂದರು: ಪ್ರಬಂಧ, ಭಾಷಣ, ವಿಭಾಗಕ್ಕೆ ಇಬ್ಬರು. ಬ್ಯಾನರ್ ಮೇಲಿನ ಕಚೇರಿಯಿಂದ ಅಚ್ಚಾಗಿಯೇ ಬಂತು, ಹಿಂದಿಯಲ್ಲಿ. ಒಂಬತ್ತು ಜನ ಬರೆದರು. ನಾನೂ ಅಷ್ಟರಲ್ಲಿ ಬೇರೆ ಊರಿಗೆ ಹೋಗುವವನಿದ್ದೆ, ಜಗಳವಾಡಲಿಲ್ಲ.

ಹೊರಡುವ ವಾರ ಕೆಳಗಿನ ಮಹಡಿಗೆ ಹೋದೆ. ಕನ್ನಡ ಫಾರಂನ ಹೊಸ ಕಟ್ಟು ಮೇಜಿನ ಮೇಲಿತ್ತು. ಯಾರ ಆದೇಶದ ಮೇಲೆ ಅಚ್ಚು ಹಾಕಿಸಿದ್ರಿ ಅಂತ ಹಿರಿಯ ಗುಮಾಸ್ತರನ್ನು ಕೇಳಿದೆ. 'ಸ್ಟಾಕ್ ಮುಗಿದಿತ್ತು' ಅಂದರು. ಪಕ್ಕದ ಕೌಂಟರಿನಲ್ಲಿ ಆ ಬಿಹಾರದ ಹುಡುಗ ಒಬ್ಬ ಅಜ್ಜಿಗೆ ಹೇಳುತ್ತಿದ್ದ: 'ಅಮ್ಮ, ಇಲ್ಲಿ ಬರೀರಿ. ಅಂದಾಜು. ಅನುಮಾನ ಇಲ್ಲ.'